ಓಟದ ನಡುವಣ ವಿರಾಮ: ದೂರ ಓಟಗಾರರಿಗೆ ಇಂಟರ್ವಲ್ ಅಭ್ಯಾಸದ ಪಾಠ

ಇಂಟರ್ವಲ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಚಿತ್ರಮಂದಿರ. ದೀಪಗಳು ಬೆಳಗುತ್ತವೆ, ಜನ ಎದ್ದು ಕಾಲು ಸಡಿಲಿಸುತ್ತಾರೆ, ಮಕ್ಕಳು ಕಡಲೆಕಾಯಿಗಾಗಿ ಹಟ ಹಿಡಿಯುತ್ತಾರೆ. ಆ ಹತ್ತು ನಿಮಿಷಗಳಿಗೂ ಕಥೆಗೂ ಸಂಬಂಧವಿಲ್ಲವೆಂದೇ ನಾವು ತಿಳಿದಿರುತ್ತೇವೆ. ದೂರದ ಓಟದ ತರಬೇತಿಯಲ್ಲಿಯೂ ಇದೇ ಶಬ್ದ ಬಳಕೆಯಲ್ಲಿದೆ. 'ಇಂಟರ್ವಲ್ ಟ್ರೈನಿಂಗ್' ಎಂದು ಅದರ ಹೆಸರು. ಸ್ವಲ್ಪ ದೂರ ವೇಗವಾಗಿ ಓಡುವುದು, ಸ್ವಲ್ಪ ಹೊತ್ತು ನಡೆಯುವುದು, ಪುನಃ ವೇಗವಾಗಿ ಓಡುವುದು: ಇದಿಷ್ಟೇ ಅದರ ಹೊರರೂಪ. ಆದರೆ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ಈ ಪದ್ಧತಿಗೆ ಹೆಸರು ಬಂದಿರುವುದು ಓಟದಿಂದಲ್ಲ, ಓಟಗಳ ನಡುವಣ ಬಿಡುವಿನಿಂದ. ಆ ಬಿಡುವಿನ ಅರ್ಥವನ್ನು ತಿಳಿಯದೆ ನಾನು ಸುಮಾರು ಒಂದು ವರ್ಷ ಶ್ರಮಪಟ್ಟೆ. ಕೊನೆಗೆ ಒಂದು ದಿನ ರಸ್ತೆಯ ಬದಿಯಲ್ಲಿ ಕುಸಿದು ಕುಳಿತೆ. ಆ ಅನುಭವವೂ, ಅನಂತರ ಓದಿ, ಕೇಳಿ, ಮಾಡಿ ಕಲಿತ ವಿಚಾರಗಳೂ ಈ ಲೇಖನದ ವಸ್ತು.

ಮೊದಲಿಗೇ ಒಂದು ಅರಿಕೆ. ನಾನು ವೈದ್ಯನಲ್ಲ, ಕ್ರೀಡಾ ತರಬೇತುದಾರನೂ ಅಲ್ಲ. ವಾಣಿಜ್ಯಶಾಸ್ತ್ರದ ಪದವಿ ಪಡೆದು ಬ್ಯಾಂಕಿನಲ್ಲಿ ಅಧಿಕಾರಿಯಾಗಿ ದುಡಿಯುತ್ತಿರುವವನು. ವಯಸ್ಸು ನಲವತ್ತಾರು. ಅಂಕಿಗಳನ್ನು ಬರೆದಿಟ್ಟು ತಾಳೆ ನೋಡುವ ಅಭ್ಯಾಸವೊಂದೇ ಈ ವಿಷಯದಲ್ಲಿ ನನಗಿರುವ ಅರ್ಹತೆ.

ಬೆಂಗಳೂರಿನಿಂದ ಶ್ರೀಕಾರ್ಯಕ್ಕೆ

ನನ್ನ ತಂದೆಯವರು ಐವತ್ತೆರಡನೆಯ ವಯಸ್ಸಿನಲ್ಲಿ, ಇನ್ನೂ ನೌಕರಿಯಲ್ಲಿರುವಾಗಲೇ, ಹೃದಯಾಘಾತದಿಂದ ತೀರಿಕೊಂಡರು. ನಾನು ಓಟಕ್ಕೆ ತೊಡಗಿದ್ದು ಕ್ರೀಡಾಸಕ್ತಿಯಿಂದಲ್ಲ, ಆ ಭಯದಿಂದ. ಬೆಂಗಳೂರಿನಲ್ಲಿದ್ದಾಗ ಉದ್ಯಾನದಲ್ಲಿ ನಡೆಯುತ್ತಿದ್ದವನು ಕ್ರಮೇಣ ಓಡಲು ಕಲಿತೆ. ಅಲ್ಲಿ 2008ರಿಂದ ನಡೆಯುತ್ತಿರುವ 10 ಕಿಲೋಮೀಟರ್ ಓಟದಲ್ಲಿ ಭಾಗವಹಿಸುವಷ್ಟು ಧೈರ್ಯ ಬಂದಿತು. ನನ್ನ ಉತ್ತಮ ಕಾಲ 60 ನಿಮಿಷ 40 ಸೆಕೆಂಡು. ಆ ನಲವತ್ತು ಸೆಕೆಂಡುಗಳನ್ನು ಕಳೆದು ಒಂದು ಗಂಟೆಯ ಒಳಗೆ ಓಡಬೇಕೆಂಬುದು ಬಹುದಿನದ ಆಸೆಯಾಗಿತ್ತು.

ಅಷ್ಟರಲ್ಲಿ ತಿರುವನಂತಪುರಕ್ಕೆ ವರ್ಗವಾಯಿತು. ನಗರದ ಉತ್ತರಕ್ಕೆ, ಕಳಕ್ಕೂಟ್ಟಂ ಕಡೆಗೆ ಹೋಗುವ ದಾರಿಯಲ್ಲಿರುವ ಶ್ರೀಕಾರ್ಯದಲ್ಲಿ ಮನೆ ಮಾಡಿದೆವು. ಜೂನ್ ತಿಂಗಳು, ಇಲ್ಲಿಯವರು ಇಡವಪ್ಪಾತಿ ಎನ್ನುವ ಮುಂಗಾರು ಮಳೆ ಆರಂಭವಾಗಿತ್ತು. ಮಳೆ ಬಿಟ್ಟ ಮೊದಲ ಬೆಳಗ್ಗೆ ಉತ್ಸಾಹದಿಂದ ಓಡಲು ಹೊರಟವನಿಗೆ ಎರಡು ಕಿಲೋಮೀಟರಿಗೇ ಏದುಸಿರು ಬಂದಿತು. ಅಂಗಿ ಹಿಂಡಿದರೆ ನೀರು ಸುರಿಯುತ್ತಿತ್ತು. ಆ ವರ್ಷ ಇಲ್ಲಿಯ ರಸ್ತೆಯಲ್ಲಿ 10 ಕಿಲೋಮೀಟರಿಗೆ ನನಗೆ ಹಿಡಿದದ್ದು 66 ನಿಮಿಷ. ಆಸೆಯ ನಲವತ್ತು ಸೆಕೆಂಡು ಹೋಗಿ ಆರು ನಿಮಿಷದ ಸಾಲ ಬೆಳೆದಿತ್ತು.

ಸಾಲ ತೀರಿಸುವ ಆತುರದಲ್ಲಿ ನಾನು ಇಂಟರ್ವಲ್ ಅಭ್ಯಾಸದ ಹೆಸರನ್ನು ಕೇಳಿ, ಅದರ ಅರ್ಧವನ್ನು ಮಾತ್ರ ಹಿಡಿದುಕೊಂಡೆ. ವಾರಕ್ಕೆ ಮೂರು ದಿನ, ಕೆಲವೊಮ್ಮೆ ನಾಲ್ಕು ದಿನ, ಬೆಂಗಳೂರಿನ ವೇಗವನ್ನೇ ಗುರಿಯಾಗಿಟ್ಟುಕೊಂಡು ದೀಪದ ಕಂಬದಿಂದ ಕಂಬಕ್ಕೆ ಓಡಿದೆ. ನಡುವೆ ನಿಲ್ಲುವುದು ಸೋಮಾರಿತನವೆಂದು ಬಗೆದು ಬಿಡುವನ್ನು ಕಡಿಮೆ ಮಾಡುತ್ತ ಹೋದೆ. ಉಳಿದ ದಿನಗಳಲ್ಲೂ ನಿಧಾನವಾಗಿ ಓಡಲಿಲ್ಲ. ಮರುವರ್ಷದ ಮೇ ತಿಂಗಳ ಒಂದು ಬೆಳಗ್ಗೆ, ಏಳನೆಯ ಸುತ್ತಿನಲ್ಲಿ, ಕಣ್ಣು ಕತ್ತಲಿಟ್ಟು ಒಂದು ಅಂಗಡಿಯ ಮುಂಗಟ್ಟಿನಲ್ಲಿ ಕುಸಿದೆ. ಒಬ್ಬ ಆಟೋ ಚಾಲಕ ಓಡಿಬಂದು ತಲೆಗೆ ನೀರು ಹಾಕಿ, ಎಚ್ಚರವಾದ ಮೇಲೆ ಮನೆಗೆ ಕರೆತಂದ. ಎಷ್ಟು ಒತ್ತಾಯಿಸಿದರೂ ಬಾಡಿಗೆ ತೆಗೆದುಕೊಳ್ಳಲಿಲ್ಲ. ಬಾಗಿಲು ತೆರೆದ ನನ್ನ ಪತ್ನಿ ಒಂದು ಮಾತನ್ನೂ ಆಡಲಿಲ್ಲ. ಆಕೆಯ ಮನಸ್ಸಿನಲ್ಲಿ ಯಾರ ನೆನಪು ಬಂದಿದೆಯೆಂಬುದು ನನಗೆ ಗೊತ್ತಿತ್ತು. ಹೃದಯವನ್ನು ಕಾಪಾಡಿಕೊಳ್ಳಲು ತೊಡಗಿದ ಕೆಲಸದಿಂದಲೇ ಹೃದಯಕ್ಕೆ ಅಪಾಯ ತಂದುಕೊಳ್ಳುವ ಹಂತಕ್ಕೆ ನಾನು ಬಂದಿದ್ದೆ.

ವೈದ್ಯರು ರಕ್ತದೊತ್ತಡ ನೋಡಿದರು, ಇ.ಸಿ.ಜಿ. ತೆಗೆದರು, ಕೆಲವು ದಿನಗಳ ಬಳಿಕ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಮಾಡಿಸಿದರು. ಹೃದಯದಲ್ಲಿ ದೋಷವಿರಲಿಲ್ಲ. ಸೆಖೆ, ನೀರಿನ ಕೊರತೆ, ವಿಶ್ರಾಂತಿಯಿಲ್ಲದ ದಂಡನೆ, ಈ ಮೂರೂ ಕೂಡಿ ಆದ ಬಳಲಿಕೆಯೆಂದು ತಿಳಿಯಿತು. ಓಟ ಬಿಡಬೇಕಾಗಿಲ್ಲ, ಓಡುವ ಕ್ರಮವನ್ನು ಬದಲಿಸಬೇಕೆಂದು ಅವರು ಹೇಳಿದರು.

ಬೇಲಿಯ ಹೊರಗೆ ಕಲಿತ ಪಾಠ

ಶ್ರೀಕಾರ್ಯದಿಂದ ಕೆಲವು ಕಿಲೋಮೀಟರ್ ಮುಂದೆ ಕಾರ್ಯವಟ್ಟಂ ಇದೆ. ಕೇರಳ ವಿಶ್ವವಿದ್ಯಾಲಯದ ವಿಶಾಲವಾದ ಆವರಣ, 1985ರಲ್ಲಿ ಸ್ಥಾಪಿತವಾದ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜು, 2015ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ನಿರ್ಮಿಸಿದ ಗ್ರೀನ್‌ಫೀಲ್ಡ್ ಕ್ರೀಡಾಂಗಣ, ಇವೆಲ್ಲ ಅಲ್ಲಿವೆ. ಓಡಲು ಅನುಮತಿಯಿಲ್ಲದ ಆ ದಿನಗಳಲ್ಲಿ ಅತ್ತ ಕಡೆ ನಡೆದು ಹೋಗುವುದು ನನ್ನ ವಾಡಿಕೆಯಾಯಿತು. ಒಂದು ಮೈದಾನದ ಬೇಲಿಯ ಹೊರಗೆ ನಿಂತು ತರುಣ ತರುಣಿಯರ ಅಭ್ಯಾಸವನ್ನು ನೋಡುತ್ತಿದ್ದೆ. ಅವರು 400 ಮೀಟರಿನ ಒಂದು ಸುತ್ತು ಓಡಿ ನಡೆಯತೊಡಗುತ್ತಿದ್ದರು. ನನಗೆ ಬೆರಗಾದದ್ದು ತರಬೇತುದಾರರ ಕೈಗಡಿಯಾರ. ಓಟ ಮುಗಿದಾಗ ಅದು ನಿಲ್ಲುತ್ತಿರಲಿಲ್ಲ. ನಡೆಯುವ ಕಾಲವನ್ನೂ ಅವರು ಅಷ್ಟೇ ಕಟ್ಟುನಿಟ್ಟಾಗಿ ಅಳೆಯುತ್ತಿದ್ದರು. ಬಿಡುವು ಮುಗಿಯುವ ಮೊದಲೇ ಓಡಲು ಹೊರಟ ಒಬ್ಬ ಹುಡುಗನನ್ನು ಗದರಿ ಹಿಂದಕ್ಕೆ ಕರೆದದ್ದನ್ನೂ ಕಂಡೆ. ನಾನು ಸೋಮಾರಿತನವೆಂದು ಕಡಿತಗೊಳಿಸಿದ್ದನ್ನು ಅವರು ಪಾಠದ ಭಾಗವೆಂದು ಎಣಿಸಿದ್ದರು. ಅಂದಿನಿಂದ ಈ ಪದ್ಧತಿಯ ಮೂಲವನ್ನು ಹುಡುಕಿ ಓದತೊಡಗಿದೆ.

ಪದ್ಧತಿ ಬೆಳೆದುಬಂದ ಬಗೆ

ಇಂಟರ್ವಲ್ ಅಭ್ಯಾಸಕ್ಕೆ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ ಪ್ರಮುಖರು ಜರ್ಮನಿಯ ತರಬೇತುದಾರ ವೋಲ್ಡೆಮಾರ್ ಗೆರ್ಷ್ಲರ್ ಮತ್ತು ಹೃದ್ರೋಗ ತಜ್ಞ ಹರ್ಬರ್ಟ್ ರೈಂಡೆಲ್. 1930ರ ದಶಕದಲ್ಲಿ ಆರಂಭವಾದ ಇವರ ಕೆಲಸದ ತಿರುಳು ಸರಳವಾದುದು. ಓಟಗಾರನ ನಾಡಿ ನಿಮಿಷಕ್ಕೆ ಸುಮಾರು 180ಕ್ಕೆ ಏರುವಂತೆ ಸ್ವಲ್ಪ ದೂರ ಓಡಿಸಬೇಕು. ಅನಂತರ ಅದು 120ಕ್ಕೆ ಇಳಿಯುವವರೆಗೆ ಬಿಡಬೇಕು. ಒಂದೂವರೆ ನಿಮಿಷದೊಳಗೆ ಇಳಿಯದಿದ್ದರೆ ಓಟ ಅತಿ ವೇಗವಾಯಿತು, ಅಥವಾ ಅತಿ ದೀರ್ಘವಾಯಿತು ಎಂದು ತಿಳಿಯಬೇಕು. ಓಟದ ಪ್ರಮಾಣವನ್ನು ನಿರ್ಧರಿಸುವ ಅಧಿಕಾರವನ್ನು ಅವರು ಬಿಡುವಿಗೆ ಕೊಟ್ಟರು. ಗೆರ್ಷ್ಲರ್ ಅವರ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರ ಜುಲೈ 15ರಂದು ಮಿಲಾನ್ ನಗರದಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿದನು. ಹಿಂದಿನ ವಿಶ್ವದಾಖಲೆಗಿಂತ 1.8 ಸೆಕೆಂಡು ಕಡಿಮೆ! ಆ ದಾಖಲೆಯನ್ನು ಮುರಿಯಲು ಜಗತ್ತು 1955ರವರೆಗೆ ಕಾಯಬೇಕಾಯಿತು.

ಈ ಅಭ್ಯಾಸವನ್ನು ಲೋಕಪ್ರಸಿದ್ಧಗೊಳಿಸಿದವನು ಜೆಕೊಸ್ಲೊವಾಕಿಯದ ಎಮಿಲ್ ಜಾಟೊಪೆಕ್. 400 ಮೀಟರ್ ವೇಗವಾಗಿ, ಬಳಿಕ ಸ್ವಲ್ಪ ದೂರ ನಿಧಾನವಾಗಿ, ಹೀಗೆ ಲೆಕ್ಕವಿಲ್ಲದಷ್ಟು ಸಲ ಓಡುವುದು ಅವನ ನಿತ್ಯವಿಧಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರರಲ್ಲಿಯೂ ಚಿನ್ನದ ಪದಕ ಗೆದ್ದನು. ಮ್ಯಾರಥಾನ್ ಓಡಿದ್ದು ಅವನ ಜೀವನದಲ್ಲಿ ಅದೇ ಮೊದಲ ಸಲ.

ನಮ್ಮ ಪಾಠಕ್ಕೆ ಹೆಚ್ಚು ಸಲ್ಲುವವನು ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್. ಅವನು ವೈದ್ಯಕೀಯ ವಿದ್ಯಾರ್ಥಿ. ಅಭ್ಯಾಸಕ್ಕೆ ದೊರೆಯುತ್ತಿದ್ದ ಕಾಲ ನಮ್ಮ ನಿಮ್ಮಂತೆಯೇ ಅತ್ಯಲ್ಪ. ಎರಡು ನಿಮಿಷದ ಬಿಡುವಿನೊಂದಿಗೆ ಕಾಲು ಮೈಲಿಯನ್ನು ಹತ್ತು ಸಲ ಓಡುವುದು ಅವನ ಮುಖ್ಯ ಸಾಧನೆಯಾಗಿತ್ತು. 1954ರ ವಸಂತದಲ್ಲಿ ಅವನೂ ಅವನ ಗೆಳೆಯರೂ ಕಾಲು ಮೈಲಿಗೆ 61 ಸೆಕೆಂಡಿನ ಬಳಿ ನಿಂತುಬಿಟ್ಟರು. ಎಷ್ಟು ಶ್ರಮಿಸಿದರೂ ಕಾಲ ಇಳಿಯಲಿಲ್ಲ. ಆಗ ಓಟವನ್ನು ಕೆಲವು ದಿನ ಪೂರ್ತಿಯಾಗಿ ಬಿಟ್ಟು ಸ್ಕಾಟ್ಲೆಂಡಿಗೆ ಬಂಡೆ ಹತ್ತಲು ಹೋದರು. ಹಿಂತಿರುಗಿ ಬಂದು ಓಡಿದಾಗ 59 ಸೆಕೆಂಡು ಸಾಧ್ಯವಾಯಿತು. ಆ ವರ್ಷದ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿ, ನಾಲ್ಕು ನಿಮಿಷದ ಗಡಿಯನ್ನು ದಾಟಿದ ಮೊದಲಿಗನಾದನು.

ನಾವಿರುವ ಕೇರಳವೂ ಓಟಗಾರರ ತವರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ 800 ಮೀಟರ್ ಅಂತಿಮ ಸ್ಪರ್ಧೆಯಲ್ಲಿ ಶ್ರೀರಾಮ್ ಸಿಂಗ್ ಸ್ಥಾಪಿಸಿದ 1 ನಿಮಿಷ 45.77 ಸೆಕೆಂಡಿನ ರಾಷ್ಟ್ರೀಯ ದಾಖಲೆ 42 ವರ್ಷ ಅಳಿಯದೆ ಉಳಿದಿತ್ತು. 2018ರಲ್ಲಿ ಗುವಾಹಟಿಯಲ್ಲಿ ಅದನ್ನು 1 ನಿಮಿಷ 45.65 ಸೆಕೆಂಡಿಗೆ ಇಳಿಸಿದವನು ಕೋಳಿಕ್ಕೋಡು ಜಿಲ್ಲೆಯ ಜಿನ್ಸನ್ ಜಾನ್ಸನ್. 2010ರ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ 10,000 ಮೀಟರ್ ಚಿನ್ನ ಗೆದ್ದ ಪ್ರೀಜಾ ಶ್ರೀಧರನ್ ಇಡುಕ್ಕಿಯವರು. ನಮ್ಮ ಚಾಮರಾಜನಗರ ಮೈಸೂರು ಜಿಲ್ಲೆಗಳ ಗಡಿಗೆ ಹೊಂದಿಕೊಂಡ ವಯನಾಡಿನಿಂದ ಬಂದ ಟಿ. ಗೋಪಿ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿದನು. ಇವರ ಕಾಲಗಳು ನಮಗೆ ನಿಲುಕುವಂಥವಲ್ಲ. ಆದರೆ ವೇಗದ ಓಟವನ್ನು ಬಿಡುವಿನೊಂದಿಗೆ ಹೆಣೆಯುವ ತತ್ತ್ವ ಒಲಿಂಪಿಕ್ ಓಟಗಾರನಿಗೂ ಬ್ಯಾಂಕಿನ ಗುಮಾಸ್ತನಿಗೂ ಒಂದೇ.

ದೇಹದೊಳಗೆ ನಡೆಯುವುದೇನು?

ಓಡುವ ಸ್ನಾಯುಗಳಿಗೆ ಆಮ್ಲಜನಕ ಬೇಕು. ಅದನ್ನು ರಕ್ತದ ಮೂಲಕ ತಲುಪಿಸುವುದು ಹೃದಯ. ಒಂದು ನಿಮಿಷದಲ್ಲಿ ದೇಹ ಬಳಸಬಲ್ಲ ಆಮ್ಲಜನಕಕ್ಕೆ ಒಂದು ಗರಿಷ್ಠ ಮಿತಿಯಿದೆ. ಈ ಮಿತಿ ಏರಿದಷ್ಟೂ ಅದೇ ವೇಗದ ಓಟ ಹಗುರವಾಗುತ್ತದೆ. ಅದನ್ನು ಏರಿಸಬೇಕಾದರೆ ದೇಹ ಆ ಮಿತಿಯ ಸಮೀಪದಲ್ಲಿ ಆಗಾಗ ಕೆಲಸ ಮಾಡಬೇಕು. ಆದರೆ ಅಂಥ ವೇಗದಲ್ಲಿ ಎಡೆಬಿಡದೆ ಓಡಿದರೆ ಸಾಮಾನ್ಯನು ಕೆಲವೇ ನಿಮಿಷಗಳಲ್ಲಿ ಸೋಲುತ್ತಾನೆ.

ಇಲ್ಲಿಯೇ ಬಿಡುವಿನ ಉಪಯೋಗ. 1960ರಲ್ಲಿ ಸ್ವೀಡನ್ನಿನ ಶರೀರಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಸಮನೆ ಮಾಡಿದರೆ ಕೆಲವು ನಿಮಿಷಗಳಲ್ಲಿ ಬಳಲಿ ನಿಲ್ಲಿಸಬೇಕಾಗುವಷ್ಟು ಭಾರವಾದ ಕೆಲಸವನ್ನು ನಡುನಡುವೆ ಬಿಡುವು ಕೊಟ್ಟು ಮಾಡಿದಾಗ ಒಂದು ಗಂಟೆಯವರೆಗೂ ನಡೆಸಲು ಸಾಧ್ಯವೆಂದು ಕಂಡುಬಂದಿತು. ಮೂರು ನಿಮಿಷ ಓಡಿ, ಮೂರು ನಿಮಿಷ ನಡೆದು, ಹೀಗೆ ನಾಲ್ಕು ಸಲ ಮಾಡಿದರೆ ಮಿತಿಯ ಸಮೀಪದಲ್ಲಿ ಹೃದಯಕ್ಕೆ ದೊರೆಯುವ ಅಭ್ಯಾಸದ ಒಟ್ಟು ಮೊತ್ತ ಒಂದೇ ಓಟದಲ್ಲಿ ದೊರೆಯುವುದಕ್ಕಿಂತ ಹೆಚ್ಚು. 2007ರಲ್ಲಿ ನಾರ್ವೆಯ ಸಂಶೋಧಕರು ಇದನ್ನು ಅಳೆದು ತೋರಿಸಿದರು. ಗರಿಷ್ಠ ನಾಡಿಯ ಶೇಕಡಾ 90ರಿಂದ 95ರವರೆಗೆ ಏರುವಂತೆ ನಾಲ್ಕು ನಿಮಿಷದ ಓಟವನ್ನು, ನಡುವೆ ಮೂರು ನಿಮಿಷದ ನಿಧಾನ ಓಟದೊಂದಿಗೆ, ನಾಲ್ಕು ಸಲ ಮಾಡಿದ ತರುಣರಲ್ಲಿ ಎಂಟು ವಾರಗಳ ಬಳಿಕ ಆಮ್ಲಜನಕದ ಗರಿಷ್ಠ ಬಳಕೆ ಶೇಕಡಾ 7ರಷ್ಟು ಹೆಚ್ಚಿತ್ತು. ನಿಧಾನವಾಗಿ ಮಾತ್ರ ಓಡಿದವರಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ.

ಹಾಗೆಂದು ನಿಧಾನದ ಓಟ ವ್ಯರ್ಥವೆಂದು ಯಾರೂ ಭಾವಿಸಬಾರದು. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುವುದು, ಕೀಲು ಮೂಳೆಗಳು ಗಟ್ಟಿಯಾಗುವುದು, ಕೊಬ್ಬನ್ನು ಇಂಧನವಾಗಿ ಬಳಸುವ ಶಕ್ತಿ ಬೆಳೆಯುವುದು ಬಹುಮಟ್ಟಿಗೆ ಅದರಿಂದಲೇ. ನಿಧಾನದ ಓಟ ಮೂಲಧನ. ಇಂಟರ್ವಲ್ ಅದರ ಮೇಲಿನ ಬಡ್ಡಿ. ಮೂಲಧನವಿಲ್ಲದ ಖಾತೆಗೆ ಯಾವ ಬ್ಯಾಂಕೂ ಬಡ್ಡಿ ಕೊಡುವುದಿಲ್ಲ. ಇನ್ನೂ ಒಂದು ಮಾತು: ದೇಹ ಬಲಗೊಳ್ಳುವುದು ಓಡುವಾಗಲಲ್ಲ, ಓಡಿದ ಬಳಿಕ ನಿದ್ರೆಯಲ್ಲಿಯೂ ವಿಶ್ರಾಂತಿಯಲ್ಲಿಯೂ. ಸುತ್ತುಗಳ ನಡುವೆ ಎರಡು ನಿಮಿಷದ ಬಿಡುವು ಎಷ್ಟು ಅಗತ್ಯವೋ, ಎರಡು ಕಠಿಣ ದಿನಗಳ ನಡುವೆ ಎರಡು ಮೂರು ದಿನಗಳ ಬಿಡುವೂ ಅಷ್ಟೇ ಅಗತ್ಯ.

ಆರಂಭಿಸುವ ಮುನ್ನ

ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು, ಧೂಮಪಾನಿಗಳು, ಮನೆತನದಲ್ಲಿ ಹೃದ್ರೋಗ ಉಳ್ಳವರು ವೈದ್ಯರ ಪರೀಕ್ಷೆಯಿಲ್ಲದೆ ಈ ಅಭ್ಯಾಸಕ್ಕೆ ಇಳಿಯಲೇಬಾರದು. ವರ್ಷಗಟ್ಟಲೆ ಕುರ್ಚಿಯಲ್ಲಿ ಕುಳಿತವನು ಕಚೇರಿಯ ಕ್ರೀಡಾದಿನದಂದು ಹಠಾತ್ತನೆ ವೇಗವಾಗಿ ಓಡುವುದಕ್ಕಿಂತ ಅವಿವೇಕ ಬೇರೊಂದಿಲ್ಲ. ಎದೆಯಲ್ಲಿ ಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು, ಅಸಹಜ ಏದುಸಿರು, ತಲೆಸುತ್ತು, ಎದೆಬಡಿತದ ಏರುಪೇರು, ಇವುಗಳಲ್ಲಿ ಯಾವುದೊಂದು ಕಂಡರೂ ತಕ್ಷಣ ನಿಂತು ವೈದ್ಯರನ್ನು ಕಾಣಬೇಕು. ಇನ್ನೊಂದು ಸುತ್ತು ಮುಗಿಸಿ ನೋಡೋಣ ಎಂಬ ಮಾತು ಸಲ್ಲದು.

ವೈದ್ಯರ ಒಪ್ಪಿಗೆ ದೊರೆತ ಮೇಲೆಯೂ ಎರಡು ಮೂರು ತಿಂಗಳು ನಿಧಾನದ ಓಟವನ್ನೇ ಮಾಡಿ, ನಿಲ್ಲದೆ 40 ನಿಮಿಷ ಓಡುವ ಸಾಮರ್ಥ್ಯ ಗಳಿಸಿರಬೇಕು. ನಿಧಾನವೆಂದರೆ ಎಷ್ಟು? ಪಕ್ಕದಲ್ಲಿ ಓಡುವ ಗೆಳೆಯನೊಂದಿಗೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗುವಷ್ಟು. ಮಾತು ತುಂಡಾದರೆ ಅದು ನಿಧಾನವಲ್ಲ.

ವೇಗದ ಲೆಕ್ಕ

ಇಂಟರ್ವಲ್ ಓಟದ ವೇಗವನ್ನು ನಮ್ಮ ಆಸೆಯಿಂದ ಲೆಕ್ಕ ಹಾಕಬಾರದು, ಇಂದಿನ ಸಾಮರ್ಥ್ಯದಿಂದ ಹಾಕಬೇಕು. ನಾನು ಮಾಡಿದ ದೊಡ್ಡ ತಪ್ಪು ಇದೇ. ಈಗ ವಾಸಿಸುವ ಊರಿನಲ್ಲಿ, ಈಗಿನ ಹವೆಯಲ್ಲಿ 5 ಕಿಲೋಮೀಟರನ್ನು ಒಮ್ಮೆ ಮನಃಪೂರ್ವಕವಾಗಿ ಓಡಿ ಕಾಲವನ್ನು ಬರೆದಿಟ್ಟುಕೊಳ್ಳಿ. ಅದು 30 ನಿಮಿಷವೆನ್ನೋಣ. ಕಿಲೋಮೀಟರಿಗೆ 6 ನಿಮಿಷವಾಯಿತು. ಅಂದರೆ 400 ಮೀಟರಿಗೆ 2 ನಿಮಿಷ 24 ಸೆಕೆಂಡು, 800 ಮೀಟರಿಗೆ 4 ನಿಮಿಷ 48 ಸೆಕೆಂಡು. ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೂ ಇದೇ ವೇಗ. ಮೊದಲ ಎರಡು ಸುತ್ತು ಬಹಳ ಸುಲಭವೆನಿಸುತ್ತದೆ, ಹಾಗೆನಿಸಬೇಕಾದುದೇ ಸರಿ. ಕೊನೆಯ ಸುತ್ತನ್ನು ಮುಗಿಸಿದಾಗ ಇನ್ನೊಂದನ್ನು ಓಡಬಲ್ಲೆನೆಂಬ ವಿಶ್ವಾಸ ಉಳಿದಿರಬೇಕು. ಇದೇ ಓಟಗಾರನ ನಿಧಾನದ ಓಟ ಕಿಲೋಮೀಟರಿಗೆ ಏಳೂಕಾಲರಿಂದ ಏಳೂಮುಕ್ಕಾಲು ನಿಮಿಷ.

ನಾಡಿಯಿಂದಲೂ ಪರೀಕ್ಷಿಸಬಹುದು. ಗರಿಷ್ಠ ನಾಡಿಯನ್ನು ಅಂದಾಜು ಮಾಡಲು ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವ ಸೂತ್ರವೊಂದಿದೆ. ನಲವತ್ತಾರರ ನನಗೆ ಸುಮಾರು 176. ಅಂದಾಜು ಎಂಬುದನ್ನು ಮರೆಯಬಾರದು. ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಹನ್ನೆರಡರ ವ್ಯತ್ಯಾಸ ಸಹಜ. ಸುತ್ತಿನ ಕೊನೆಯಲ್ಲಿ ನಾಡಿ ಇದರ ಶೇಕಡಾ 90ರ ಆಸುಪಾಸಿಗೆ, ಅಂದರೆ 158ರಿಂದ 165ಕ್ಕೆ ಏರುತ್ತದೆ. ಬಿಡುವಿನ ಕೊನೆಯಲ್ಲಿ 120ರಿಂದ 125ಕ್ಕೆ ಇಳಿದಿರಬೇಕು. ದುಬಾರಿ ಕೈಗಡಿಯಾರ ಅಗತ್ಯವಿಲ್ಲ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು. ನಿಗದಿಯಾದ ಬಿಡುವಿನಲ್ಲಿ ನಾಡಿ ಇಳಿಯದಿದ್ದರೆ ಇನ್ನೊಂದು ನಿಮಿಷ ನಡೆಯಿರಿ. ಆಗಲೂ ಇಳಿಯದಿದ್ದರೆ ಆ ದಿನದ ಅಭ್ಯಾಸ ಮುಗಿಯಿತೆಂದು ಮನೆಗೆ ಹಿಂತಿರುಗಿ. ಓವರ್‌ಡ್ರಾಫ್ಟಿಗೂ ಒಂದು ಮಿತಿಯಿದೆ.

ಹತ್ತು ವಾರಗಳ ಕ್ರಮ

ವಾರಕ್ಕೆ 25ರಿಂದ 30 ಕಿಲೋಮೀಟರ್ ಓಡುವ ನಡುವಯಸ್ಸಿನವರಿಗೆ ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ಕೊಡುತ್ತೇನೆ. ವಾರದಲ್ಲಿ ಒಂದೇ ದಿನ ಇಂಟರ್ವಲ್. ನನಗೆ ಅದು ಬುಧವಾರ. ಭಾನುವಾರ 9ರಿಂದ 12 ಕಿಲೋಮೀಟರ್ ನಿಧಾನದ ಓಟ. ಇನ್ನೆರಡು ದಿನ 5ರಿಂದ 6 ಕಿಲೋಮೀಟರ್, ಅದೂ ನಿಧಾನವೇ. ಉಳಿದ ಮೂರು ದಿನಗಳಲ್ಲಿ ನಡಿಗೆ, ಯೋಗಾಸನ ಅಥವಾ ಪೂರ್ಣ ವಿಶ್ರಾಂತಿ. ವೇಗದ ಸುತ್ತುಗಳ ಒಟ್ಟು ದೂರ ವಾರದ ಓಟದ ಹತ್ತನೆಯ ಒಂದು ಪಾಲನ್ನು ಮೀರದಿರಲಿ. ಪ್ರತಿಯೊಂದು ಇಂಟರ್ವಲ್ ದಿನವೂ 15 ನಿಮಿಷ ನಿಧಾನವಾಗಿ ಓಡಿ ಮೈ ಬೆಚ್ಚಗೆ ಮಾಡಿಕೊಂಡೇ ಆರಂಭಿಸಬೇಕು. ಕೊನೆಯಲ್ಲಿ 10 ನಿಮಿಷ ನಿಧಾನವಾಗಿ ಓಡಿ, ನಡೆದು ಮುಗಿಸಬೇಕು.

1 ಮತ್ತು 2ನೆಯ ವಾರ: ದೂರವನ್ನು ಅಳೆಯದೆ 1 ನಿಮಿಷ ವೇಗದ ಓಟ, 2 ನಿಮಿಷ ನಡಿಗೆ, ಹೀಗೆ ಆರು ಸಲ.

3ನೆಯ ವಾರ: 400 ಮೀಟರ್ ಐದು ಸಲ, ನಡುವೆ ಎರಡೂವರೆ ನಿಮಿಷ ನಡಿಗೆ.

4ನೆಯ ವಾರ: ಇಂಟರ್ವಲ್ ಇಲ್ಲ. ನಿಧಾನದ ಓಟ ಮಾತ್ರ.

5 ಮತ್ತು 6ನೆಯ ವಾರ: 400 ಮೀಟರ್ ಆರರಿಂದ ಏಳು ಸಲ, ನಡುವೆ 2 ನಿಮಿಷ ನಡಿಗೆ ಅಥವಾ ಬಹು ನಿಧಾನದ ಓಟ.

7ನೆಯ ವಾರ: 800 ಮೀಟರ್ ಮೂರು ಸಲ, ನಡುವೆ 3 ನಿಮಿಷ.

8ನೆಯ ವಾರ: ಪುನಃ ಇಂಟರ್ವಲ್ ಇಲ್ಲ.

9ನೆಯ ವಾರ: 1,000 ಮೀಟರ್ ಮೂರು ಸಲ, ನಡುವೆ 3 ನಿಮಿಷ.

10ನೆಯ ವಾರ: ಮಂಗಳವಾರ 200 ಮೀಟರ್ ನಾಲ್ಕು ಸಲ, ಸಾಕಷ್ಟು ಬಿಡುವಿನೊಂದಿಗೆ. ಗುರುವಾರ 20 ನಿಮಿಷ ನಿಧಾನವಾಗಿ. ಭಾನುವಾರ ಸ್ಪರ್ಧೆ.

4ನೆಯ ಮತ್ತು 8ನೆಯ ವಾರಗಳನ್ನು ಕಂಡು ಇದೇನು, ಗಳಿಸಿದ್ದನ್ನು ಕಳೆದುಕೊಳ್ಳುವೆವಲ್ಲ ಎಂದು ಅಂಜುವವರಿದ್ದಾರೆ. ಅವರು ಬ್ಯಾನಿಸ್ಟರ್‌ನ ಬಂಡೆ ಹತ್ತುವಿಕೆಯನ್ನು ನೆನೆಯಲಿ. ಕಚೇರಿಯ ಹೊರೆಯೂ ದೇಹಕ್ಕೆ ಹೊರೆಯೇ. ಮಾರ್ಚ್ ಕೊನೆಯ ಲೆಕ್ಕ ಮುಕ್ತಾಯದ ದಿನಗಳಲ್ಲಿ ನಾನು ಇಂಟರ್ವಲ್ ಅಭ್ಯಾಸಕ್ಕೆ ಕೈಯಿಡುವುದೇ ಇಲ್ಲ. ಸರಿಯಾಗಿ ನಿದ್ರೆ ಬಾರದ ರಾತ್ರಿಯ ಮರುದಿನವೂ ಅಷ್ಟೆ.

ಓಡುವ ಮಾರ್ಗವಿಲ್ಲವೆಂದು ಕೊರಗುವುದು ಬೇಡ. ಶ್ರೀಕಾರ್ಯದ ಸುತ್ತ ರಸ್ತೆಗಳು ಏರಿಳಿತದವು. ಸಮತಟ್ಟಾದ 400 ಮೀಟರ್ ದೊರೆಯುವುದೇ ಕಷ್ಟ. ನಾನು ವಾಹನ ವಿರಳವಾದ ಒಂದು ಓಣಿಯನ್ನು ಆರಿಸಿ, ಸೈಕಲ್ ಚಕ್ರದ ಸುತ್ತುಗಳನ್ನು ಎಣಿಸಿ ದೂರ ಗುರುತು ಮಾಡಿಕೊಂಡೆ. ಏರುರಸ್ತೆಯಾದರೆ ದೂರವನ್ನು ಬಿಟ್ಟು ನಿಮಿಷದ ಲೆಕ್ಕದಲ್ಲಿ ಓಡಬಹುದು. ಬೀದಿನಾಯಿಗಳು ಅಟ್ಟಿಸಿಕೊಂಡು ಬಂದರೆ ನಿಂತು ನಡೆಯಿರಿ. ನಾಯಿ ನಿಗದಿಪಡಿಸುವ ವೇಗ ನಮ್ಮ ಪಟ್ಟಿಯಲ್ಲಿಲ್ಲ!

ಕರಾವಳಿಯ ಹವೆ

ಕನ್ನಡ ನಾಡಿನ ಒಣಹವೆಯಿಂದ ಬಂದವರು ಇದನ್ನು ವಿಶೇಷವಾಗಿ ಅರಿಯಬೇಕು. ಬೆವರು ಸುರಿಯುವುದರಿಂದ ಮೈ ತಣ್ಣಗಾಗುವುದಿಲ್ಲ. ಬೆವರು ಆವಿಯಾಗುವುದರಿಂದ ತಣ್ಣಗಾಗುತ್ತದೆ. ಸಮುದ್ರತೀರದ ತೇವ ತುಂಬಿದ ಗಾಳಿಯಲ್ಲಿ ಬೆವರು ಆವಿಯಾಗದೆ ಹರಿದುಹೋಗುತ್ತದೆ. ಆಗ ಹೃದಯ ಸ್ನಾಯುಗಳಿಗೆ ಮಾತ್ರವಲ್ಲದೆ ಮೈಯನ್ನು ತಣಿಸಲು ಚರ್ಮಕ್ಕೂ ರಕ್ತವನ್ನು ಹೆಚ್ಚಾಗಿ ಕಳುಹಿಸಬೇಕಾಗುತ್ತದೆ. ಅದೇ ವೇಗದಲ್ಲಿ ನಾಡಿ ಹೆಚ್ಚುವುದು ಇದರಿಂದ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತಂಪು ಬೆಳಗಿನ ವೇಗವನ್ನು ಇಲ್ಲಿ ನಿರೀಕ್ಷಿಸುವುದು ದೇಹಕ್ಕೆ ಮಾಡುವ ಅನ್ಯಾಯ. ಹೊಸ ಹವೆಗೆ ದೇಹ ಒಗ್ಗಿಕೊಳ್ಳಲು ಎರಡು ವಾರಗಳಾದರೂ ಬೇಕು. ಆ ಅವಧಿಯಲ್ಲಿ ಇಂಟರ್ವಲ್ ಬೇಡ. ಏಪ್ರಿಲ್ ಮೇ ತಿಂಗಳಲ್ಲಿ ಸುತ್ತುಗಳನ್ನು ಕಡಿಮೆ ಮಾಡಿ ಬಿಡುವನ್ನು ಹೆಚ್ಚಿಸಿ. ಸೂರ್ಯೋದಯಕ್ಕೆ ಮುನ್ನವೇ ಅಭ್ಯಾಸ ಮುಗಿಯಲಿ. ಅಕ್ಟೋಬರ್ ನವೆಂಬರ್ ತಿಂಗಳ ತುಲಾವರ್ಷದಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು ಮಳೆ ಸಾಮಾನ್ಯ. ಆಗ ಸಂಜೆ ಬಯಲಿನಲ್ಲಿ ಓಡುವುದು ಅಪಾಯ.

ನೀರಿನೊಂದಿಗೆ ಉಪ್ಪೂ ಬೆವರಿನಲ್ಲಿ ಹೋಗುತ್ತದೆ. ಉಪ್ಪು ಬೆರೆಸಿದ ಗಂಜಿತಿಳಿ, ಇಲ್ಲಿಯವರ ಸಂಭಾರಂ, ನಮ್ಮ ನೀರುಮಜ್ಜಿಗೆ, ಇವು ಓಟದ ಬಳಿಕ ಉತ್ತಮ ಪಾನೀಯಗಳು. ರಕ್ತದೊತ್ತಡ ಉಳ್ಳವರು ಉಪ್ಪಿನ ವಿಷಯದಲ್ಲಿ ವೈದ್ಯರ ಮಾತನ್ನೇ ಕೇಳಬೇಕು.

ಲಾಭ ನಷ್ಟದ ತಃಖ್ತೆ

ಈ ಕ್ರಮವನ್ನು ನಾನು ಒಂದೂವರೆ ವರ್ಷದಲ್ಲಿ ಮೂರು ಸಲ ಆವರ್ತಿಸಿದೆ. ಶ್ರೀಕಾರ್ಯದ ಅದೇ ರಸ್ತೆಯಲ್ಲಿ 66 ನಿಮಿಷವಿದ್ದ 10 ಕಿಲೋಮೀಟರ್ ಕ್ರಮವಾಗಿ 64, 62, 61 ನಿಮಿಷಕ್ಕೆ ಇಳಿಯಿತು. ಬಳಿಕ ಬೆಂಗಳೂರಿನ ಓಟಕ್ಕೆ ಹೋಗಿ 58 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಿದೆ. ಬಹುದಿನದ ಆಸೆ ಕೈಗೂಡಿತು. ಆದರೆ ಲೆಕ್ಕ ಬರೆಯುವವನು ಪ್ರಾಮಾಣಿಕನಾಗಿರಬೇಕು. ಬೆಂಗಳೂರಿನ ಕಾಲದಲ್ಲಿ ಅಲ್ಲಿಯ ತಂಪಿನ ಪಾಲೂ ಇದೆ. ಒಂದೇ ರಸ್ತೆ, ಒಂದೇ ಹೊತ್ತು, ಒಂದೇ ಹವೆಯಲ್ಲಿ ಉಳಿದ ಐದು ನಿಮಿಷವೇ ನನ್ನ ನಿಜವಾದ ಲಾಭ. ಬೆಳಗ್ಗೆ ಏಳುವಾಗಿನ ನಾಡಿ 72ರಿಂದ 61ಕ್ಕೆ ಇಳಿದಿರುವುದು ಇನ್ನೂ ದೊಡ್ಡ ಲಾಭವೆಂದು ನಾನು ತಿಳಿದಿದ್ದೇನೆ. ಈ ಅವಧಿಯಲ್ಲಿ ಒಂದು ದಿನವೂ ರಸ್ತೆಯಲ್ಲಿ ಕುಳಿತುಕೊಳ್ಳುವ ಪ್ರಸಂಗ ಬರಲಿಲ್ಲ. ಮುಂಚೆ ಓಡುತ್ತಿದ್ದುದಕ್ಕಿಂತ ವೇಗದ ದಿನಗಳು ಮೂರರಲ್ಲಿ ಒಂದಾಗಿವೆ, ಬಿಡುವು ಇಮ್ಮಡಿಯಾಗಿದೆ.

ಊರು ಬಿಟ್ಟು ಊರಿಗೆ ಬಂದ ನಾವು ಎಲ್ಲದರಲ್ಲಿಯೂ ಧಾವಂತಕ್ಕೆ ಒಗ್ಗಿಹೋಗಿದ್ದೇವೆ. ನಿಲ್ಲುವುದೆಂದರೆ ಹಿಂದೆ ಬೀಳುವುದೆಂಬ ಅಂಜಿಕೆ ನಮ್ಮೆಲ್ಲರಲ್ಲೂ ಇದೆ. ನಿಧಾನವೇ ಪ್ರಧಾನವೆಂಬ ನಮ್ಮ ಹಿರಿಯರ ಮಾತಿಗೆ ಓಟದ ಗಡಿಯಾರವೂ ಸಾಕ್ಷಿ ಹೇಳುತ್ತದೆಂದು ನಾನು ಕಲಿತದ್ದು ಇಷ್ಟು ತಡವಾಗಿ. ಈಗ ಬುಧವಾರದ ಬೆಳಗ್ಗೆ ನಾನು ಓಡುವಾಗ ನನ್ನ ಪತ್ನಿಯೂ ಬರುತ್ತಾಳೆ. ಓಣಿಯ ತುದಿಯಲ್ಲಿ ಗಡಿಯಾರ ಹಿಡಿದು ನಿಲ್ಲುತ್ತಾಳೆ. ಓಟದ ಕಾಲವನ್ನು ನಾನು ನೋಡಿಕೊಳ್ಳುತ್ತೇನೆ; ಬಿಡುವಿನ ಕಾಲ ಅವಳ ವಶ. ಅವಳು ಕೈ ಇಳಿಸುವವರೆಗೆ ನಾನು ಹೊರಡುವಂತಿಲ್ಲ.